ಡಿಪ್ಲೊಮಾಕ್ಕೂ ಎಂಜಿನಿಯರಿಂಗಿಗೂ ನಡುವಣ ಗಣಿತ

ನಮ್ಮ ಉಚಿತ ಪ್ರಸಾದನಿಲಯದಲ್ಲಿ ಆರು ವರ್ಷ ಇದ್ದು ಓದಿದ ಒಬ್ಬ ಹುಡುಗನ ತಾಯಿ ಕೆಲವು ವರ್ಷಗಳ ಹಿಂದೆ ಒಂದು ಸೋಮವಾರ ಬೆಳಿಗ್ಗೆ ಮಠಕ್ಕೆ ಬಂದರು. ಪೂಜೆ, ಪ್ರಸಾದ ಮುಗಿಯುವವರೆಗೂ ಕಂಬಕ್ಕೊರಗಿ ಕುಳಿತಿದ್ದರು. ಅನಂತರ ಸೆರಗಿನ ತುದಿಯಲ್ಲಿ ಸುತ್ತಿಟ್ಟಿದ್ದ ಒಂದು ಲಕೋಟೆಯನ್ನು ತೆಗೆದು ನಮ್ಮ ಮುಂದಿಟ್ಟರು. ಅದು ಮಗನಿಗೆ ಬಂದಿದ್ದ ನೇಮಕಾತಿ ಪತ್ರ. ಒಂದು ಕಾರ್ಖಾನೆಯವರು ಕಾಲೇಜಿಗೇ ಬಂದು ಅವನನ್ನು ಆರಿಸಿಕೊಂಡಿದ್ದರು. ಸೇರುವ ದಿನ ಪದವಿಯ ತಾತ್ಕಾಲಿಕ ಪ್ರಮಾಣಪತ್ರವನ್ನು ತರತಕ್ಕದ್ದು ಎಂದು ಅದರಲ್ಲಿ ಬರೆದಿತ್ತು.

"ಶಾಸ್ತ್ರಿಗಳೇ, ಎಂಟನೇ ಸೆಮಿಸ್ಟರು ಪಾಸಾಗಿದಾನೆ ಅಂತಾರೆ, ಡಿಗ್ರಿ ಮಾತ್ರ ಕೊಡೋದಿಲ್ಲ ಅಂತಾರೆ. ಇದೆಂಥ ಪಾಸು?" ಎಂದು ಆ ತಾಯಿ ಕೇಳಿದರು.

ನಮಗೂ ಅರ್ಥವಾಗಲಿಲ್ಲ. ನಮ್ಮದು ಪಾಠಶಾಲೆಯ ಓದು. ವ್ಯಾಕರಣ, ತರ್ಕ, ಶಾಸ್ತ್ರಗಳನ್ನು ಬಿಟ್ಟರೆ ಕಾಲೇಜುಗಳ ವ್ಯವಹಾರ ನಾವು ಅರಿತದ್ದಲ್ಲ. ಹುಡುಗನನ್ನು ಕರೆಸಿದೆವು. ಅವನು ತಲೆ ತಗ್ಗಿಸಿಕೊಂಡು ಹೇಳಿದ ಸಂಗತಿಯನ್ನೇ ಇಂದು ಸದ್ಭಕ್ತ ಕುಟುಂಬಗಳ ಮುಂದೆ ಇಡಬೇಕೆಂದಿದ್ದೇವೆ. ಏಕೆಂದರೆ ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗಿಗೆ ಹೋಗುವ ಮಕ್ಕಳು ನಮ್ಮ ಮನೆಗಳಲ್ಲಿ ಬಹಳ ಇದ್ದಾರೆ. ತಂದೆತಾಯಿಗಳಿಗೆ ಈ ವಿಷಯ ತಿಳಿಯುವುದು ಬಹುಮಟ್ಟಿಗೆ ಕಾಲ ಮಿಂಚಿದ ಮೇಲೆಯೇ.

ಹತ್ತನೆಯ ತರಗತಿ ಮುಗಿಸಿದ ವಿದ್ಯಾರ್ಥಿಯ ಮುಂದೆ ಎರಡು ದಾರಿಗಳಿವೆಯಷ್ಟೆ. ಒಂದು, ಪಿಯುಸಿ ವಿಜ್ಞಾನ ಓದಿ ಸಿಇಟಿ ಬರೆದು ಎಂಜಿನಿಯರಿಂಗಿನ ಮೊದಲ ವರ್ಷಕ್ಕೆ ಸೇರುವುದು. ಇನ್ನೊಂದು, ಪಾಲಿಟೆಕ್ನಿಕ್ ಸೇರಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು, ನೇರವಾಗಿ ಎರಡನೆಯ ವರ್ಷಕ್ಕೆ, ಅಂದರೆ ಮೂರನೆಯ ಸೆಮಿಸ್ಟರಿಗೆ ಪ್ರವೇಶ ಪಡೆಯುವುದು. ಇದಕ್ಕೆ ಲ್ಯಾಟರಲ್ ಎಂಟ್ರಿ ಎನ್ನುತ್ತಾರೆ. ನಮ್ಮ ಹುಡುಗರ ಬಾಯಲ್ಲಿ ಬರಿಯ 'ಲ್ಯಾಟರಲ್'. ಬಡ ಕುಟುಂಬಕ್ಕೆ ಈ ಎರಡನೆಯ ದಾರಿ ಬಹಳ ಅನುಕೂಲದ್ದು. ಬಿ.ಇ. ಸೇರಲಾಗದಿದ್ದರೂ ಡಿಪ್ಲೊಮಾ ಒಂದು ಕೈಕಸುಬಾಗಿ ಅನ್ನ ನೀಡುತ್ತದೆ. ಸೇರಿದರೆ ನಾಲ್ಕು ವರ್ಷದ ಪದವಿ ಮೂರೇ ವರ್ಷಕ್ಕೆ ಮುಗಿಯುತ್ತದೆ.

ಆದರೆ ಆ ಬಿಟ್ಟುಹೋದ ಮೊದಲ ವರ್ಷದಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ.

ಅದರಲ್ಲಿ ಕಾರ್ಯಾಗಾರವಿತ್ತು, ಡ್ರಾಯಿಂಗ್ ಇತ್ತು, ಮೆಕ್ಯಾನಿಕ್ಸ್ ಇತ್ತು. ಡಿಪ್ಲೊಮಾ ಓದಿದ ಹುಡುಗನಿಗೆ ಇವು ಹೊಸವಲ್ಲ. ನಿಜ ಹೇಳುವುದಾದರೆ ಲೇತ್ ಯಂತ್ರದ ಮುಂದೆ, ಸರ್ವೆಯ ಸರಪಳಿ ಹಿಡಿದು ಬಯಲಲ್ಲಿ, ಇವನು ಪಿಯುಸಿಯಿಂದ ಬಂದವನಿಗಿಂತ ಮುಂದೆಯೇ ಇರುತ್ತಾನೆ. ಆದರೆ ಅದೇ ಮೊದಲ ವರ್ಷದಲ್ಲಿ ಎರಡು ಸೆಮಿಸ್ಟರುಗಳ ಗಣಿತವೂ ಇತ್ತು. ಅದಕ್ಕೂ ಹಿಂದೆ ಪಿಯುಸಿಯ ಎರಡು ವರ್ಷಗಳ ಗಣಿತವಿತ್ತು. ಡಿಪ್ಲೊಮಾದಲ್ಲಿ ಗಣಿತವಿಲ್ಲವೆಂದಲ್ಲ, ಇದೆ. ಆದರೆ ಅದು ಬಹುಪಾಲು ಮೊದಲನೆಯ ವರ್ಷದಲ್ಲೇ ಮುಗಿದುಹೋಗುತ್ತದೆ. ಮುಂದಿನ ಎರಡು ವರ್ಷ ಹುಡುಗ ಯಂತ್ರಗಳ ನಡುವೆ, ನಕ್ಷೆಗಳ ನಡುವೆ ಇರುತ್ತಾನೆ. ಮೂರನೆಯ ಸೆಮಿಸ್ಟರಿನ ತರಗತಿಯಲ್ಲಿ ಕುಳಿತಾಗ ಅವನು ಅನುಕಲನದ ಲೆಕ್ಕ ಬಿಡಿಸಿ ಎರಡು ವರ್ಷ ಕಳೆದಿರುತ್ತದೆ. ಪಕ್ಕದಲ್ಲಿ ಕುಳಿತವನು ಮೂರು ವರ್ಷ ಬಿಡದೆ ಅದನ್ನೇ ಮಾಡಿಕೊಂಡು ಬಂದಿರುತ್ತಾನೆ.

ಈ ಕೊರತೆಯನ್ನು ವಿಶ್ವವಿದ್ಯಾಲಯ ಅರಿಯದೆ ಇಲ್ಲ. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಗೊಂಡ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಲ್ಯಾಟರಲ್ ವಿದ್ಯಾರ್ಥಿಗಳಿಗೆಂದೇ ಎರಡು ಸೇತುಪಾಠಗಳನ್ನು ಇರಿಸಿತು. 2015ರ ಮತ್ತು 2018ರ ಪಠ್ಯಕ್ರಮಗಳಲ್ಲಿ ಅವುಗಳ ಹೆಸರು ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಒಂದು ಮತ್ತು ಎರಡು. ಮೊದಲನೆಯದು ಮೂರನೆಯ ಸೆಮಿಸ್ಟರಿನಲ್ಲಿ, ಎರಡನೆಯದು ನಾಲ್ಕನೆಯದರಲ್ಲಿ. ಹುಡುಗರು ಇದನ್ನು 'ಮ್ಯಾಟ್‌ಡಿಪ್' ಎಂದು ಕರೆಯುತ್ತಾರೆ. ಪಾಠದ ಸಂಕೇತಾಕ್ಷರದಿಂದ ಬಂದ ಹೆಸರು. 2018ರ ಪಠ್ಯವನ್ನು ತರಿಸಿ ನೋಡಿದೆವು. ಮೊದಲನೆಯ ಭಾಗದಲ್ಲಿ ಸಮ್ಮಿಶ್ರ ಸಂಖ್ಯೆ, ಸದಿಶ ಬೀಜಗಣಿತ, ಅವಕಲನ, ಆಂಶಿಕ ಅವಕಲನ, ಸದಿಶಗಳ ಅವಕಲನ, ಅನುಕಲನ, ಮೊದಲ ದರ್ಜೆಯ ಅವಕಲ ಸಮೀಕರಣ ಇವೆ. ಎರಡನೆಯದರಲ್ಲಿ ಮಾತೃಕೆಗಳು, ಸಂಖ್ಯಾತ್ಮಕ ವಿಧಾನಗಳು, ಮೇಲಿನ ದರ್ಜೆಯ ಅವಕಲ ಸಮೀಕರಣಗಳು, ಸಂಭವನೀಯತೆ. ಅಂದರೆ ಪಿಯುಸಿಯ ಗಣಿತದ ಸಾರವೂ ಬಿ.ಇ. ಮೊದಲ ವರ್ಷದ ಗಣಿತದ ಸಾರವೂ ಒಂದೇ ಬುತ್ತಿಯಲ್ಲಿ.

ಈಗ ನಮ್ಮ ಹುಡುಗನ ಕಥೆಗೆ ಬರೋಣ. ಈ ಸೇತುಪಾಠಕ್ಕೆ ಕ್ರೆಡಿಟ್ ಇರಲಿಲ್ಲ. ಅದರಲ್ಲಿ ಅನುತ್ತೀರ್ಣನಾದರೂ ಮುಂದಿನ ವರ್ಷಕ್ಕೆ ಹೋಗಲು ತಡೆ ಇರಲಿಲ್ಲ. ಆದರೆ ಅದನ್ನು ಉತ್ತೀರ್ಣನಾಗದೆ ಪದವಿ ಮಾತ್ರ ಸಿಗುವಂತಿರಲಿಲ್ಲ. ಈ ಮೂರನ್ನೂ ಒಟ್ಟಿಗೆ ಓದಿಕೊಂಡವನಿಗೆ ಅಪಾಯ ಎಲ್ಲಿದೆಯೆಂದು ಹೊಳೆಯುತ್ತದೆ. ಹದಿನೆಂಟು ಹತ್ತೊಂಬತ್ತರ ಹುಡುಗ ಮೊದಲಿನ ಎರಡನ್ನು ಮಾತ್ರ ಕಿವಿಗೆ ಹಾಕಿಕೊಂಡ. 'ಕ್ರೆಡಿಟ್ ಇಲ್ಲದ್ದಕ್ಕೆ ಯಾಕೆ ತಲೆ ಕೆಡಿಸಿಕೊಳ್ತೀಯ' ಎಂದು ಹಿರಿಯ ವಿದ್ಯಾರ್ಥಿಗಳು ಹೇಳಿದರಂತೆ. ಮೊದಲ ಸಲ ಬರೆದ, ಆಗಲಿಲ್ಲ. ಮುಂದಿನ ಸಲ ಬೇರೆ ಪರೀಕ್ಷೆಗಳ ಒತ್ತಡ. ಅದರ ಮುಂದಿನ ಸಲ ಶುಲ್ಕ ಕಟ್ಟಿಯೂ ಹೋಗಲಿಲ್ಲ. ಕಾಲೇಜಿನವರು ಒಂದು ಮಾತು ಎಚ್ಚರಿಸಿದ್ದರೆ ಆಗುತ್ತಿತ್ತು, ಎಚ್ಚರಿಸಲಿಲ್ಲ. ನಿಲಯದಲ್ಲಿದ್ದ ನಾವೂ ಅವನ ಅಂಕಪಟ್ಟಿಯನ್ನು ಒಮ್ಮೆಯಾದರೂ ಪೂರ್ತಿ ಓದಲಿಲ್ಲ. ಒಟ್ಟು ಸರಾಸರಿ ಎಷ್ಟು ಎಂದು ಕೇಳಿ ವಿಭೂತಿ ಕೊಟ್ಟು ಕಳುಹಿಸಿದ್ದೇ ಹೆಚ್ಚು. ಆ ತಪ್ಪು ನಮ್ಮ ಲೆಕ್ಕದಲ್ಲೂ ಇದೆ.

ಕಾರ್ಖಾನೆಯವರು ಕಾಯಲಿಲ್ಲ. ಹುಡುಗ ಮುಂದಿನ ಪರೀಕ್ಷೆಯವರೆಗೆ ಊರಿನಲ್ಲಿ ಹೊಲದ ಕೆಲಸ ಮಾಡಿಕೊಂಡಿದ್ದು, ಪರೀಕ್ಷೆ ಬರೆದು ಉತ್ತೀರ್ಣನಾದ. ಒಂದು ವರ್ಷ ಹೋಯಿತು, ಆ ಕೆಲಸವೂ ಹೋಯಿತು. ಮನೆಯಲ್ಲಿ ತಂಗಿಯ ಮದುವೆಯನ್ನು ಆ ಸಂಬಳದ ಭರವಸೆಯ ಮೇಲೆ ನಿಶ್ಚಯಿಸಿದ್ದರು, ಅದಕ್ಕೆ ಸಾಲವಾಯಿತು. ಶೂನ್ಯ ಕ್ರೆಡಿಟ್ಟಿನ ಪಾಠದ ಬೆಲೆ ಆ ಮನೆಗೆ ಇಷ್ಟಾಯಿತು.

ಆ ರಾತ್ರಿ ನಮಗೆ ನಮ್ಮದೇ ಬಾಲ್ಯದ ಒಂದು ಪ್ರಸಂಗ ನೆನಪಾಯಿತು. ಪಾಣಿನಿಯ ವ್ಯಾಕರಣದಲ್ಲಿ ಸುಮಾರು 4,000 ಸೂತ್ರಗಳು. ಭಟ್ಟೋಜಿ ದೀಕ್ಷಿತರು ಅವನ್ನೆಲ್ಲ ಹೊಸ ಕ್ರಮದಲ್ಲಿ ಜೋಡಿಸಿ ಸಿದ್ಧಾಂತಕೌಮುದಿಯನ್ನು ಬರೆದರು. ಅವರ ಶಿಷ್ಯ ವರದರಾಜರು ಎಳೆಯರಿಗೆಂದು ಅದರ ಮೂರರಲ್ಲೊಂದು ಭಾಗದಷ್ಟು ಸೂತ್ರಗಳನ್ನು ಆಯ್ದು ಲಘುಕೌಮುದಿಯನ್ನು ಮಾಡಿದರು. ಪಾಠಶಾಲೆಯಲ್ಲಿ ಲಘುಕೌಮುದಿ ಮುಗಿಯದೆ ದೊಡ್ಡದಕ್ಕೆ ಪ್ರವೇಶವಿಲ್ಲ. ನಾವು ಹನ್ನೆರಡನೆಯ ವಯಸ್ಸಿನಲ್ಲಿ ಬೇರೊಂದು ಊರಿನ ಮಠದಿಂದ ಹೋದವರು. ಸಂಧಿ, ಷಡ್ಲಿಂಗಗಳಷ್ಟೇ ಆಗಿದ್ದವು. 'ಎಲ್ಲಿಯವರೆಗೆ ಆಗಿದೆ?' ಎಂದು ಗುರುಗಳು ಕೇಳಿದಾಗ 'ಎಲ್ಲ ಆಗಿದೆ' ಎಂದುಬಿಟ್ಟೆವು. ದೊಡ್ಡವರ ಪಂಕ್ತಿಯಲ್ಲಿ ಕೂರುವ ಆಸೆ. ಒಂದು ತಿಂಗಳು ತಲೆಯಾಡಿಸಿಕೊಂಡು ಕುಳಿತೆವು. ಕಾರಕಪ್ರಕರಣ ಬಂದ ದಿನ ಒಂದು ಧಾತುವಿನ ರೂಪ ಕೇಳಿದರು, ಬಾಯಿ ಬರಲಿಲ್ಲ. ಗುರುಗಳು ಬೈಯಲಿಲ್ಲ. ಮರುದಿನದಿಂದ ಎಂಟು ಒಂಬತ್ತು ವರ್ಷದ ಮಕ್ಕಳ ನಡುವೆ ನಮ್ಮ ಮಣೆಯನ್ನು ಹಾಕಿಸಿದರು. ಇಡೀ ಒಂದು ವರ್ಷ ಅಲ್ಲಿಯೇ. ಆ ನಾಚಿಕೆ ಈಗಲೂ ನೆನಪಿದೆ. ಆದರೆ ಅಂದು ಗುರುಗಳು ನಮ್ಮನ್ನು ಮೇಲಿನ ಪಂಕ್ತಿಯಲ್ಲೇ ಬಿಟ್ಟಿದ್ದರೆ ಇಂದು ಸಂಸ್ಕೃತ ಕಲಿಸುವ ಯೋಗ್ಯತೆ ನಮಗೆ ಇರುತ್ತಿರಲಿಲ್ಲ.

ಎಂಜಿನಿಯರಿಂಗಿನಲ್ಲಿ ಹೀಗೆ ಕೆಳಗಿನ ಪಂಕ್ತಿಗೆ ಕಳುಹಿಸುವವರು ಯಾರೂ ಇಲ್ಲ. ಸೇತುಪಾಠದ ವ್ಯವಸ್ಥೆಯಲ್ಲಿ ನಮಗೆ ಕಾಣುವ ದೊಡ್ಡ ದೋಷವೂ ಇದೇ: ಸೇತುವೆಯನ್ನು ಕಟ್ಟುವುದೂ ಹೊಳೆಯನ್ನು ದಾಟುವುದೂ ಏಕಕಾಲದಲ್ಲಿ ನಡೆಯುತ್ತದೆ. ಮೂರನೆಯ ಸೆಮಿಸ್ಟರಿನ ಮುಖ್ಯ ಗಣಿತದಲ್ಲಿ ಲಾಪ್ಲಾಸ್ ಪರಿವರ್ತನೆ, ಫೋರಿಯರ್ ಶ್ರೇಣಿಗಳನ್ನು ಕಲಿಸುತ್ತಿದ್ದರು. ಫೋರಿಯರ್ ಶ್ರೇಣಿಯ ಒಂದೊಂದು ಗುಣಾಂಕ ಹೊರಬರಬೇಕಾದರೂ ಎರಡು ಉತ್ಪನ್ನಗಳ ಗುಣಲಬ್ಧವನ್ನು ಭಾಗಶಃ ಅನುಕಲನ ಮಾಡಬೇಕು. ಅದೇ ವಾರ ಸೇತುಪಾಠದ ತರಗತಿಯಲ್ಲಿ ಸಮ್ಮಿಶ್ರ ಸಂಖ್ಯೆ ನಡೆಯುತ್ತಿರುತ್ತದೆ. ಅನುಕಲನ ಬರುವುದು ಸೆಮಿಸ್ಟರಿನ ಕೊನೆಗೆ. ಅಷ್ಟು ಹೊತ್ತಿಗೆ ಹುಡುಗ ಮುಖ್ಯ ಗಣಿತದಲ್ಲಿ ಕೈಚೆಲ್ಲಿರುತ್ತಾನೆ. ಗಣಿತದ ಪಾಠವೊಂದರ ಮಾತಲ್ಲ ಇದು. ಎಲೆಕ್ಟ್ರಿಕಲ್ ವಿಭಾಗದಲ್ಲಿ ಮಂಡಲಗಳ ವಿಶ್ಲೇಷಣೆಗೆ ಅವಕಲ ಸಮೀಕರಣ ಬೇಕು, ಸಿವಿಲ್ ವಿಭಾಗದಲ್ಲಿ ತೊಲೆ ಎಷ್ಟು ಬಾಗುತ್ತದೆಂದು ಕಾಣಲು ಎರಡು ಸಲ ಅನುಕಲನ ಮಾಡಬೇಕು. ತೊಲೆಯನ್ನು ಕಣ್ಣಾರೆ ಕಂಡು, ಕಾಂಕ್ರೀಟನ್ನು ಕೈಯಾರೆ ಕಲಸಿದ ಹುಡುಗ ಹಾಳೆಯ ಮೇಲಿನ ತೊಲೆಯ ಮುಂದೆ ಸೋಲುತ್ತಾನೆ.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಭಕ್ತರೊಬ್ಬರು ಊರಿಗೆ ಬಂದಿದ್ದಾಗ ಈ ಮಾತು ತೆಗೆದೆವು. ಅಲ್ಲಿಯೂ ಬಡ ಮತ್ತು ಮಧ್ಯಮ ವರ್ಗದ ಮಕ್ಕಳು ಮೊದಲ ಎರಡು ವರ್ಷ ಕಡಿಮೆ ಶುಲ್ಕದ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಅನಂತರ ವಿಶ್ವವಿದ್ಯಾಲಯದ ಎಂಜಿನಿಯರಿಂಗಿಗೆ ವರ್ಗವಾಗುವ ಪದ್ಧತಿ ಇದೆಯಂತೆ. ಆದರೆ ಕಲನಶಾಸ್ತ್ರದ ಸರಣಿ, ಅವಕಲ ಸಮೀಕರಣ, ಕಲನಶಾಸ್ತ್ರದ ಆಧಾರದ ಮೇಲಿನ ಭೌತಶಾಸ್ತ್ರ ಇವುಗಳನ್ನು ಕಮ್ಯುನಿಟಿ ಕಾಲೇಜಿನಲ್ಲೇ ಮುಗಿಸಬೇಕು. ಯಾವ ಪಾಠ ಮುಗಿದಿರಬೇಕೆಂಬ ಪಟ್ಟಿ ಮೊದಲೇ ಕೈಯಲ್ಲಿರುತ್ತದೆ. ಅವು ಮುಗಿಯದೆ ಅರ್ಜಿಗೆ ಬೆಲೆ ಬರುವುದಿಲ್ಲ. ಅಲ್ಲಿ ಬಾಗಿಲಿನ ಹೊರಗೆ ನಿಲ್ಲಿಸಿ ಕೇಳುತ್ತಾರೆ, ಇಲ್ಲಿ ಒಳಗೆ ಕರೆದು ಕೂರಿಸಿ, ಹೊರಡುವಾಗ ಬಾಗಿಲಲ್ಲಿ ಕೇಳುತ್ತಾರೆ. ಇಲ್ಲಿಯದರಲ್ಲಿ ಕರುಣೆ ಹೆಚ್ಚೆಂದು ಕೆಲವರು ಹೇಳಬಹುದು. ನಮಗೇನೋ ಮೊದಲೇ ಕೇಳುವುದೇ ಕರುಣೆಯೆನಿಸುತ್ತದೆ.

ವಿಶ್ವವಿದ್ಯಾಲಯದ ನಿಯಮವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಡಿಪ್ಲೊಮಾದ ಕೊನೆಯ ಪರೀಕ್ಷೆಗೂ ಬಿ.ಇ. ತರಗತಿ ಆರಂಭವಾಗುವುದಕ್ಕೂ ನಡುವೆ ಸಿಗುವ ಮೂರು ನಾಲ್ಕು ತಿಂಗಳು ಮಾತ್ರ ನಮ್ಮ ಕೈಯಲ್ಲಿವೆ. ಈ ತಿಂಗಳುಗಳು ಸಾಮಾನ್ಯವಾಗಿ ಡಿಸಿಇಟಿಯ ತಯಾರಿ, ಸೀಟಿನ ಓಡಾಟ, ನೆಂಟರ ಮದುವೆ ಇವುಗಳಲ್ಲಿ ಕಳೆದುಹೋಗುತ್ತವೆ. ಆ ತಾಯಿ ಬಂದುಹೋದ ಮುಂದಿನ ಬೇಸಗೆಯಲ್ಲಿ ನಿವೃತ್ತ ಪಿಯು ಗಣಿತ ಅಧ್ಯಾಪಕರೊಬ್ಬರನ್ನು ಕೇಳಿಕೊಂಡು, ದಾಸೋಹ ಭವನದಲ್ಲಿ ಬೆಳಿಗ್ಗೆ ಎರಡು ಗಂಟೆ ಪಾಠ ಇಟ್ಟೆವು. ಒಂಬತ್ತು ಮಕ್ಕಳು ಬಂದರು. ಗೋಡೆಗೆ ಒಂದು ಹಲಗೆ, ಕೂರಲು ಜಮಖಾನ. ಖರ್ಚು ಸೀಮೆಸುಣ್ಣದ್ದು ಮಾತ್ರ.

ಅಧ್ಯಾಪಕರು ಮೊದಲ ದಿನವೇ ಅವಕಲನ ಆರಂಭಿಸುತ್ತಾರೆಂದು ನಾವು ಎಣಿಸಿದ್ದೆವು. ಅವರು ಭಿನ್ನರಾಶಿಯಿಂದ ಆರಂಭಿಸಿದರು. ಹುಡುಗರು ಮುಖ ಮುಖ ನೋಡಿಕೊಂಡರು; ಪದವಿಗೆ ಹೊರಟವರಿಗೆ ಭಿನ್ನರಾಶಿಯೆ? ಆದರೆ ಒಂಬತ್ತು ಜನರಲ್ಲಿ ಅಕ್ಷರಗಳಿದ್ದ ಎರಡು ಭಿನ್ನರಾಶಿಗಳನ್ನು ತಪ್ಪಿಲ್ಲದೆ ಕೂಡಿಸಿದವರು ಇಬ್ಬರೇ. "ಅನುಕಲನದಲ್ಲಿ ಯಾರೂ ಸೋಲೋದಿಲ್ಲ ಶಾಸ್ತ್ರಿಗಳೇ, ಅನುಕಲನಕ್ಕೆ ಮುಂಚಿನ ಸಾಲಿನಲ್ಲಿ ಸೋಲ್ತಾರೆ" ಎಂದು ಅವರು ನಮಗೆ ಹೇಳಿದರು. ಲಾಪ್ಲಾಸ್ ಪರಿವರ್ತನೆಯನ್ನು ಹಿಂದಿರುಗಿಸುವಾಗ ಆಂಶಿಕ ಭಿನ್ನರಾಶಿಯಾಗಿ ಒಡೆಯಬೇಕಂತೆ. ಅಲ್ಲಿ ಎಡವಿದವನಿಗೆ ಲಾಪ್ಲಾಸ್ ಎಷ್ಟು ಬಂದರೂ ಉಪಯೋಗವಿಲ್ಲ. ಎರಡು ವಾರ ಬೀಜಗಣಿತ, ಒಂದು ವಾರ ತ್ರಿಕೋನಮಿತಿಯ ಸೂತ್ರಗಳು. ಆಮೇಲೆ ಸೀಮೆ, ಅವಕಲನ. ಮಿಕ್ಕ ಕಾಲವೆಲ್ಲ ಅನುಕಲನ ಮತ್ತು ಅವಕಲ ಸಮೀಕರಣ. ಪುಸ್ತಕ ಬೇರೆ ಕೊಳ್ಳಲಿಲ್ಲ. ನಮ್ಮ ಪಿಯು ಕಾಲೇಜುಗಳಲ್ಲಿ ಬಳಸುವ ಎನ್‌ಸಿಇಆರ್‌ಟಿಯ ಹನ್ನೆರಡನೆಯ ತರಗತಿಯ ಗಣಿತ ಪುಸ್ತಕದ ಎರಡನೆಯ ಭಾಗ ಅನುಕಲನದಿಂದಲೇ ಆರಂಭವಾಗುತ್ತದೆ, ಅದೇ ಸಾಕಾಯಿತು. ನಾವೂ ಹಿಂದೆ ಕುಳಿತು ಕೇಳಿದೆವು. ಸೀಮೆಯೆಂಬ ಕಲ್ಪನೆ ನಮ್ಮ ತಾರ್ಕಿಕರಿಗೆ ಬಹಳ ಪ್ರಿಯವಾಗಬಹುದಾದದ್ದು. ಅದಕ್ಕಿಂತ ಮುಂದೆ ನಮ್ಮ ತಲೆಗೆ ಹೋಗಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ.

ಒಂಬತ್ತರಲ್ಲಿ ಮೂವರು ಮಧ್ಯದಲ್ಲೇ ಬಿಟ್ಟರು. ಒಬ್ಬನನ್ನು ಅವನ ದೊಡ್ಡಪ್ಪ ಗ್ಯಾರೇಜಿನ ಕೆಲಸಕ್ಕೆ ಹಚ್ಚಿದರು. ತಪ್ಪೆನ್ನಲಾರೆವು, ಮನೆಯ ಕಷ್ಟ ಅವರಿಗೇ ಗೊತ್ತು. ಉಳಿದ ಆರು ಮಂದಿಯಲ್ಲಿ ಒಬ್ಬ ಹುಡುಗಿ, ದರ್ಜಿಯ ಮಗಳು, ಸಿವಿಲ್ ಡಿಪ್ಲೊಮಾ ಓದಿದವಳು. ಕಾಲೇಜು ಸೇರಿದ ಎರಡು ತಿಂಗಳಿಗೆ ಬಂದು, "ಸೇತುಪಾಠದ ತರಗತಿ ಈಗ ನನಗೆ ಬರೀ ಪುನರಾವರ್ತನೆ, ಅಜ್ಜಾರೇ" ಎಂದಳು. ಅವಳು ಎರಡೂ ಭಾಗಗಳನ್ನು ಮೊದಲ ಸಲಕ್ಕೇ ಮುಗಿಸಿದಳು. ಮಿಕ್ಕವರಲ್ಲಿ ಒಬ್ಬ ಎರಡು ಸಲ ಬರೆಯಬೇಕಾಯಿತು. ಆದರೂ ಏಳನೆಯ ಸೆಮಿಸ್ಟರಿಗೆ ಮುಂಚೆ ಯಾರ ಬಾಕಿಯೂ ಉಳಿಯಲಿಲ್ಲ.

ತಂದೆತಾಯಿಗಳಿಗೆ ಕೆಲವು ವ್ಯಾವಹಾರಿಕ ಮಾತುಗಳಿವೆ. ಪಠ್ಯಕ್ರಮ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. ಸೇತುಪಾಠದ ಹೆಸರು, ಸಂಕೇತ, ಪರೀಕ್ಷೆಯ ರೀತಿಯೂ ಬದಲಾಗುತ್ತವೆ. ಆದ್ದರಿಂದ ಅಣ್ಣನ ಕಾಲದಲ್ಲಿ ಹೇಗಿತ್ತೆಂದು ಕೇಳಿ ನಿಶ್ಚಿಂತರಾಗಬೇಡಿ. ಮಗನೋ ಮಗಳೋ ಸೇರಿದ ವರ್ಷದ ಪಠ್ಯಕ್ರಮದ ಪಟ್ಟಿಯನ್ನು ತರಿಸಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಟಿಪ್ಪಣಿಗಳನ್ನು ಓದಿಸಿ. ಲ್ಯಾಟರಲ್ ವಿದ್ಯಾರ್ಥಿಗಳ ಮಾತು ಇರುವುದು ಅಲ್ಲಿಯೇ. ಸ್ವಾಯತ್ತ ಕಾಲೇಜುಗಳು ತಮ್ಮದೇ ಪಠ್ಯಕ್ರಮ ಇಟ್ಟುಕೊಂಡಿರುತ್ತವೆ, ಅಲ್ಲಿನ ನಿಯಮವನ್ನು ಅಲ್ಲಿಯೇ ಕೇಳಬೇಕು. ಪ್ರತಿ ಸೆಮಿಸ್ಟರಿನ ಅಂಕಪಟ್ಟಿಯಲ್ಲಿ ಕ್ರೆಡಿಟ್ ಸೊನ್ನೆ ಇರುವ ಸಾಲುಗಳನ್ನು ಮೊದಲು ನೋಡಿ. ಸರಾಸರಿಯನ್ನು ಆಮೇಲೆ ನೋಡಿದರಾಯಿತು. ಓದಲು ಬಾರದ ತಾಯಿಯೂ 'ಸೊನ್ನೆಯ ಸಾಲು ಪಾಸಾಯಿತೇ?' ಎಂದು ಕೇಳಬಲ್ಲಳು.

ಇನ್ನೊಂದು ಮಾತನ್ನು ಸಂಸ್ಥೆಗಳನ್ನು ನಡೆಸುವ ಹಿರಿಯರಿಗೆ ಹೇಳಬೇಕಾಗಿದೆ. ಹುಬ್ಬಳ್ಳಿಯಲ್ಲಿ 1947ರಲ್ಲಿ ಕೆಎಲ್‌ಇ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು, ಕಲಬುರಗಿಯಲ್ಲಿ 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಕಾಲೇಜು, 1963ರಲ್ಲಿ ತುಮಕೂರಿನ ಸಿದ್ಧಗಂಗಾ, ಮೈಸೂರಿನ ಸುತ್ತೂರು ಮಠದ ಮತ್ತು ಬಾಗಲಕೋಟೆಯ ಬಸವೇಶ್ವರ ಕಾಲೇಜುಗಳು ಹುಟ್ಟಿದ್ದು ಹಳ್ಳಿಯ ಮಕ್ಕಳೂ ಎಂಜಿನಿಯರುಗಳಾಗಲೆಂದು. ನಮ್ಮ ಮಠಗಳ, ಸಂಘಗಳ ಪಾಲಿಟೆಕ್ನಿಕ್‌ಗಳೂ ಅನೇಕ ಇವೆ. ಪಾಲಿಟೆಕ್ನಿಕ್ಕಿನ ಕೊಠಡಿಗಳು ಬೇಸಗೆಯಲ್ಲಿ ಬೀಗ ಹಾಕಿಕೊಂಡಿರುತ್ತವೆ. ಅದೇ ಸಂಸ್ಥೆಯ ಪಿಯು ಕಾಲೇಜಿನ ಗಣಿತ ಅಧ್ಯಾಪಕರು ಅಲ್ಲೇ ಪಕ್ಕದಲ್ಲಿರುತ್ತಾರೆ. ಮೂರು ತಿಂಗಳ ಪಾಠಕ್ಕೆ ದೊಡ್ಡ ನಿಧಿ ಬೇಕಿಲ್ಲ. ದಾಸೋಹ ಭವನದ ಜಮಖಾನದ ಮೇಲೆ ನಡೆದದ್ದು ಬೆಂಚುಗಳಿರುವ ಕಡೆ ಏಕೆ ನಡೆಯಬಾರದು?

ನಿಲಯದ ಪಾಠ ಈಗಲೂ ನಡೆಯುತ್ತಿದೆ. ಕೆಲಸ ಕಳೆದುಕೊಂಡಿದ್ದ ನಮ್ಮ ಹುಡುಗನಿಗೆ ಅನಂತರ ಹತ್ತಿರದ ಊರಿನಲ್ಲೇ ಒಂದು ಕೆಲಸ ದೊರೆಯಿತು, ಮೊದಲಿನದರಷ್ಟು ಸಂಬಳವಿಲ್ಲ. ರಜೆಯ ದಿನ ಬಂದು ಬೀಜಗಣಿತ ಹೇಳಿಕೊಡುತ್ತಾನೆ. ಈ ಸಲ ಬಂದವರಲ್ಲಿ ಒಬ್ಬಳು ಬಿ.ಎಸ್‌ಸಿ. ಪದವೀಧರೆ. ಬಿ.ಎಸ್‌ಸಿ. ಮುಗಿಸಿದವರಿಗೂ ಎರಡನೆಯ ವರ್ಷಕ್ಕೆ ನೇರ ಪ್ರವೇಶ ಉಂಟು. ಆದರೆ ಅವರಿಗೆ ಸೇತುವೆ ಬೇರೆ ಕಡೆ ಬೇಕು: ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗ್ ಮತ್ತು ಮೆಕ್ಯಾನಿಕ್ಸ್ ಪಾಠಗಳನ್ನು ಎರಡನೆಯ ವರ್ಷದ ಪಾಠಗಳೊಡನೆ ಉತ್ತೀರ್ಣರಾಗಬೇಕೆಂದು ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮವಿತ್ತು. ಆ ಹುಡುಗಿಗೆ ಅನುಕಲನ ನೀರು ಕುಡಿದಷ್ಟು ಸುಲಭ, ಮಿನಿ ಡ್ರಾಫ್ಟರನ್ನು ಹಲಗೆಗೆ ಬಿಗಿಯುವುದು ತಿಳಿಯದು. ಕಳೆದ ಭಾನುವಾರ ಹೋಗಿ ನೋಡುತ್ತೇವೆ: ನಮ್ಮ ಹುಡುಗ ದೇವರ ಕೋಣೆಯಿಂದ ಒಂದು ವಿಭೂತಿಗಟ್ಟಿಯನ್ನು ಕೇಳಿ ತಂದು ಮಣೆಯ ಮೇಲೆ ಇಟ್ಟಿದ್ದಾನೆ. ಮುಂದಿನಿಂದ ಹೇಗೆ ಕಾಣುತ್ತದೆ, ಮೇಲಿನಿಂದ ಹೇಗೆ, ಪಕ್ಕದಿಂದ ಹೇಗೆ ಎಂದು ಅವಳಿಂದ ಬರೆಸುತ್ತಿದ್ದಾನೆ. ನಮ್ಮನ್ನು ಕಂಡು ಇಬ್ಬರೂ ಎದ್ದು ನಿಂತರು. ಕೂತುಕೊಳ್ಳಿ ಎಂದು ಹೇಳಿ, ಪೂಜೆಯ ಹೊತ್ತಿಗೆ ವಿಭೂತಿಗಟ್ಟಿಯನ್ನು ಒಳಗೆ ಕೊಟ್ಟುಬಿಡಿ ಎಂದಷ್ಟೇ ತಿಳಿಸಿ ಬಂದೆವು.